ಹನ್ನೊಂದು ಹಸಿರು ದಾಖಲೆಗಳು

"ಮಾವಾ, ನನ್ನ ಕೆಲಸ ಹೋಯ್ತು! ಪೊಲೀಸರನ್ನೂ ಕರೆಸ್ತಾರಂತೆ!"

ಔಷಧಿ ಕಿಟಕಿಯ ಮುಂದೆ ಏದುಸಿರು ಬಿಡುತ್ತ ನಿಂತಿದ್ದ ಅಕ್ಕನ ಮಗಳನ್ನು ಕಂಡು ಕಾಂಪೌಂಡರ್ ಕೈಯಲ್ಲಿದ್ದ ಮಾತ್ರೆಗಳನ್ನೆಲ್ಲ ಚೆಲ್ಲಿಬಿಟ್ಟ. ಅವಳನ್ನು ಈ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಹಚ್ಚಿದವನೇ ಅವನು. ಈಗ ಅಕ್ಕನಿಗೆ ಯಾವ ಮುಖ ತೋರಿಸುವುದು?

ಆದದ್ದು ಇಷ್ಟು. ಕಾಲಿನ ಶಸ್ತ್ರಚಿಕಿತ್ಸೆ ಆಗಿ ಮಂಪರಿನಲ್ಲಿ ಮಲಗಿದ್ದ ಮೇಷ್ಟ್ರೊಬ್ಬರಿಗೆ ಹನ್ನೆರಡೂವರೆಗೆ ಅವಳು ಪೆನಿಸಿಲಿನ್ ಚುಚ್ಚಿದಳು. ಎರಡೇ ನಿಮಿಷದಲ್ಲಿ ಮೇಷ್ಟ್ರ ಮುಖ ಊದಿತು, ಉಸಿರು ಕಟ್ಟಿತು. ಡಾಕ್ಟರು ಓಡಿ ಬಂದು ಹೇಗೋ ಉಳಿಸಿಕೊಂಡರು. ಮೇಷ್ಟ್ರಿಗೆ ಪೆನಿಸಿಲಿನ್ ಅಲರ್ಜಿ ಎಂದು ಬೇರೆ ಆಸ್ಪತ್ರೆಯವರು ಬರೆದದ್ದು ದೇಶಕ್ಕೆಲ್ಲ ಒಂದೇ ಆದ ಹೊಸ ಗಣಕ ದಾಖಲೆಯ ಮೂಲಕ ಇಲ್ಲಿಗೂ ಬಂದಿತ್ತು. ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಯಾರೋ ಅದನ್ನು ಅಳಿಸಿ 'ಅಲರ್ಜಿ ಇಲ್ಲ' ಎಂದು ಮಾಡಿದ್ದರು. ಬದಲಿಸಿದವರ ಹೆಸರಿನ ಜಾಗದಲ್ಲಿ ಇದ್ದದ್ದು ಇವಳ ಹೆಸರು!

"ನಾನು ಆಗ ಡ್ರೆಸ್ಸಿಂಗ್ ರೂಮಲ್ಲಿದ್ದೆ ಮಾವ. ಯಾರೂ ನಂಬ್ತಿಲ್ಲ. ನಾಲ್ಕು ಗಂಟೆಗೆ ವಿಚಾರಣೆಯಂತೆ."

ಗಡಿಯಾರದಲ್ಲಿ ಎರಡಾಗಿತ್ತು. ಕಾಂಪೌಂಡರ್ ಕಿಟಕಿಗೆ ಚಿಲಕ ಹಾಕಿ, ಅವಳ ಕೈ ಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿದ. ಇಂಥ ಹೊತ್ತಿನಲ್ಲಿ ಹೋಗಬೇಕಾದ ಬಾಗಿಲು ಒಂದೇ.

ರೆಕಾರ್ಡ್ ರೂಮಿನ ಯಜಮಾನಿಯನ್ನು ಎಲ್ಲರೂ ಪತ್ತೆಯಮ್ಮ ಎಂದೇ ಕರೆಯುತ್ತಿದ್ದರು. ಕಳೆದ ಕಡತ, ಕಾಣೆಯಾದ ಎಕ್ಸ್‌ರೇ, ಒಮ್ಮೆ ಸರ್ಜನ್ನರ ಮದುವೆಯುಂಗುರ, ಎಲ್ಲವನ್ನೂ ಕುರ್ಚಿಯಿಂದ ಏಳದೆಯೇ ಪತ್ತೆಮಾಡಿದ್ದವಳು. ಅವಳ ಕೋಣೆಯಲ್ಲಿ ನೂರು ಗೂಡುಗಳಿದ್ದವು. ರೋಗಿಯ ಚೀಟಿ ನಂಬರಿನ ಕೊನೆಯ ಎರಡು ಅಂಕಿ ಯಾವುದೋ ಆ ಗೂಡಿಗೆ ಅವರ ಕಡತ. ಹಾಗಿಟ್ಟರೆ ಒಂದೇ ಗೂಡು ತುಂಬಿ ತುಳುಕುವುದಿಲ್ಲ ಎಂಬುದು ಅವಳ ಲೆಕ್ಕ. ಕಡತಗಳೆಲ್ಲ ಗಣಕಕ್ಕೆ ಹೋದ ಮೇಲೆ ಅವಳನ್ನೂ ಮನೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಒಂದು ಕಾಲಕ್ಕೆ ಆರು ವರ್ಷ ಅವಳ ಕೈಕೆಳಗೆ ಪಳಗಿ, ಈಗ ಡಿಜಿಟಲ್ ಅಧಿಕಾರಿಯಾಗಿದ್ದವನೇ ಹಟ ಹಿಡಿದು ಅವಳನ್ನು ಇನ್ನೊಂದು ವರ್ಷ ಉಳಿಸಿಕೊಂಡಿದ್ದ.

ಪತ್ತೆಯಮ್ಮ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ಮೇಲೇರಿಸಿದಳು. "ನಿನ್ನ ಪಾಸ್‌ವರ್ಡು ಬೇರೆ ಯಾರಿಗೆ ಗೊತ್ತಮ್ಮಾ?"

ಹುಡುಗಿ ತಲೆ ತಗ್ಗಿಸಿದಳು. "ಯಾರಿಗೂ ಗೊತ್ತಿರೋ ಅಗತ್ಯಾನೇ ಇಲ್ಲ. ವಾರ್ಡಿನ ಟ್ಯಾಬ್ ತೆರೆಯೋಕೆ ನಾಲ್ಕು ನಿಮಿಷ ಹಿಡಿಯುತ್ತೆ. ಅದಕ್ಕೇ ಬೆಳಿಗ್ಗೆ ಮೊದಲು ಬಂದೋರು ತಮ್ಮ ಹೆಸರಲ್ಲಿ ತೆರೀತಾರೆ, ಸಂಜೆವರೆಗೂ ಎಲ್ರೂ ಅದರಲ್ಲೇ ಕೆಲಸ ಮಾಡ್ತೀವಿ. ಇವತ್ತು ಮೊದಲು ಬಂದೋಳು ನಾನು."

"ಚೆನ್ನಾಗಿದೆ! ಅಂದ್ರೆ ಇವತ್ತು ವಾರ್ಡಿನಲ್ಲಿ ಯಾರು ಏನು ಮಾಡಿದ್ರೂ ಮಾಡಿದ್ದು ನೀನೇ." ಅವಳು ಕಾಂಪೌಂಡರ್ ಕಡೆ ತಿರುಗಿದಳು. "ಹತ್ತು ಗಂಟೆಗೆ ಆ ಟ್ಯಾಬ್ ಹತ್ರ ಯಾರ್ಯಾರಿದ್ರು?"

ಡ್ರೆಸ್ಸಿಂಗ್ ರೂಮಿಗೆ ಹೋಗುವಾಗ ಕಂಡದ್ದನ್ನು ಹುಡುಗಿಯೇ ಹೇಳಿದಳು. ಡಾಕ್ಟರು, ಹೆಡ್ ನರ್ಸ್, ಡಿಜಿಟಲ್ ಅಧಿಕಾರಿ. ಹನ್ನೊಂದಕ್ಕೆ ಇಲಾಖೆಯ ತಪಾಸಣೆ ತಂಡ ಬರುವುದಿತ್ತು. ಮೂವರೂ ಅಲ್ಲೇ ಸುಳಿದಾಡುತ್ತಿದ್ದರು.

"ಡಾಕ್ಟರೇ ಮಾಡಿರೋದು!" ಕಾಂಪೌಂಡರ್ ಮೇಜು ಗುದ್ದಿದ. "ಗಣಕ ಅಂದ್ರೆ ಉರಿದುಬೀಳ್ತಾರೆ. ಇದು ಕೆಟ್ಟು ಹೋಗ್ಲಿ ಅಂತ ದಿನಾ ಶಾಪ ಹಾಕ್ತಾರೆ."

"ಕಾಂಪೌಂಡ್ರೇ, ಮೇಜು ನಂದು. ಮೊದಲು ಮೇಲೆ ಹೋಗಿ ಇವತ್ತು ಬೆಳಿಗ್ಗೆ ವಾರ್ಡಿನಲ್ಲಿ ಆದ ಎಲ್ಲ ಬದಲಾವಣೆಗಳ ಪಟ್ಟಿ ತನ್ನಿ. ಮೇಷ್ಟ್ರದ್ದು ಮಾತ್ರ ಅಲ್ಲ, ಎಲ್ಲರದ್ದೂ."

ಹೆಡ್ ನರ್ಸ್ ಗೊಣಗುತ್ತಲೇ ಮುದ್ರಿಸಿಕೊಟ್ಟಳು. ಕಾಂಪೌಂಡರ್ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದ. ಪತ್ತೆಯಮ್ಮ ಹಾಳೆಯ ಮೇಲೆ ಬೆರಳಾಡಿಸಿದಳು. ಬೆರಳು ನಿಂತಿತು. ಆಮೇಲೆ, ಹನ್ನೆರಡು ವರ್ಷದಲ್ಲಿ ಯಾರೂ ನೋಡದ್ದು ನಡೆಯಿತು. ಮಂಡಿ ಹಿಡಿದು ಮೆಲ್ಲಗೆ ಏಳುತ್ತಿದ್ದ ಅವಳು ಕುರ್ಚಿಯಿಂದ ಧಡಕ್ಕನೆ ಎದ್ದಳು.

"ಒಬ್ಬರಲ್ಲ ರೀ, ಹನ್ನೊಂದು ಜನ! ಹತ್ತು ಗಂಟೆ ಹನ್ನೆರಡರಿಂದ ಏಳು ನಿಮಿಷದಲ್ಲಿ ಹನ್ನೊಂದು ಜನರ ಅಲರ್ಜಿ ಅಳಿಸಿದ್ದಾರೆ! ಕಳ್ಳ ಆಮೇಲೆ ಸಿಗ್ತಾನೆ. ಉಳಿದ ಹತ್ತು ಜನ ಈಗ ಸಾಯಬಹುದು. ಓಡಿ!"

ಕಾಂಪೌಂಡರ್ ಜೀವಮಾನದಲ್ಲಿ ಹಾಗೆ ಓಡಿರಲಿಲ್ಲ. ಹೊಟ್ಟೆ ಒಂದು ಕಡೆ, ಉಸಿರು ಒಂದು ಕಡೆ. ಅವನ ಮುಂದೆ ಅಕ್ಕನ ಮಗಳು ಜಿಂಕೆಯ ಹಾಗೆ ಹಾರುತ್ತಿದ್ದಳು. ಹದಿನಾಲ್ಕನೇ ಹಾಸಿಗೆಯ ಪಕ್ಕದಲ್ಲಿ ಹೆಡ್ ನರ್ಸ್ ಸಿರಿಂಜಿನ ಗಾಳಿ ತೆಗೆಯುತ್ತ ನಿಂತಿದ್ದಳು. ಹಾಸಿಗೆಯಲ್ಲಿದ್ದ ಹೆಂಗಸು ತೋಳು ಚಾಚಿಯಾಗಿತ್ತು.

"ಬೇಡ! ಚುಚ್ಚಬೇಡಿ!" ಹುಡುಗಿ ಕಿರುಚಿ, ಹಿರಿಯಳ ಕೈಯನ್ನೇ ಹಿಡಿದುಬಿಟ್ಟಳು.

"ಏನೇ ಇದು, ಹುಚ್ಚು ಹಿಡೀತಾ ನಿಂಗೆ?"

"ಅಮ್ಮಾ," ಹುಡುಗಿ ರೋಗಿಯತ್ತ ಬಾಗಿದಳು, "ನಿಮಗೆ ಪೆನಿಸಿಲಿನ್ ಆಗಿಬರುತ್ತಾ?"

"ಅಯ್ಯೋ, ಅದು ಬೇಡಮ್ಮ! ಹೋದ ಸಲ ಅದನ್ನ ಕೊಟ್ಟು ಮೂರು ದಿನ ಐಸಿಯೂಲಿ ಇಟ್ಟಿದ್ರು."

ಹೆಡ್ ನರ್ಸ್ ಕೈಯಿಂದ ಸಿರಿಂಜು ಟ್ರೇಗೆ ಬಿತ್ತು. ಹತ್ತೂ ಹಾಸಿಗೆಗಳಿಗೆ ಅಲರ್ಜಿಯ ಕೆಂಪು ಪಟ್ಟಿ ಅಂಟಿಸಿ ಮುಗಿಯುವ ಹೊತ್ತಿಗೆ ಮೂರೂವರೆ ಆಗಿತ್ತು.

ನಾಲ್ಕಕ್ಕೆ ಸೂಪರಿಂಟೆಂಡೆಂಟ್ ಕೋಣೆಯಲ್ಲಿ ಎಲ್ಲರೂ ಸೇರಿದರು. ಡಾಕ್ಟರು ಗಡ್ಡ ಕೆರೆಯುತ್ತ, ಹೆಡ್ ನರ್ಸ್ ಕಣ್ಣೊರೆಸುತ್ತ, ಡಿಜಿಟಲ್ ಅಧಿಕಾರಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಕೂತಿದ್ದರು. ಹುಡುಗಿ ಗೋಡೆಗೊರಗಿ ನಿಂತಿದ್ದಳು.

"ಒಬ್ಬ ಮೇಷ್ಟ್ರ ದಾಖಲೆ ಬದಲಾಗಿದ್ರೆ ಅದು ಹಗೆ ಅಂತ ಅನ್ಕೋಬಹುದಿತ್ತು," ಎಂದು ಪತ್ತೆಯಮ್ಮ ಶುರುಮಾಡಿದಳು. "ಹನ್ನೊಂದು ಜನರ ಮೇಲೆ ಒಟ್ಟಿಗೆ ಯಾರಿಗೂ ಹಗೆ ಇರಲ್ಲ. ಇವರಿಗೆಲ್ಲ ಸಮಾನವಾದದ್ದು ಏನು? ಇವರ ಅಲರ್ಜಿ ಬೇರೆ ಆಸ್ಪತ್ರೆಯಿಂದ ಬಂದದ್ದು, ಜೊತೆಗೆ ಪರೀಕ್ಷೆಯ ಕಾಗದ ಇಲ್ಲ. ಅಂಥ ದಾಖಲೆ ಪೂರ್ತಿಯಾಗಿಲ್ಲ ಅಂತ ಪರದೆ ಮೇಲೆ ಹಳದಿಯಾಗೇ ಉಳಿಯುತ್ತೆ. 'ಅಲರ್ಜಿ ಇಲ್ಲ' ಅಂತ ಒತ್ತಿದ್ರೆ ಯಾವ ಕಾಗದಾನೂ ಬೇಡ, ತಕ್ಷಣ ಹಸಿರು. ಹನ್ನೊಂದು ಗಂಟೆಗೆ ತಪಾಸಣೆಯೋರು ಬಂದು ನೋಡಿದ್ದು ಏನು ಸಾರ್?"

"ನೂರಕ್ಕೆ ನೂರು ಹಸಿರು," ಸೂಪರಿಂಟೆಂಡೆಂಟ್ ಮೆಲ್ಲಗೆ ಹೇಳಿದರು. "ಬೆನ್ನು ತಟ್ಟಿ ಹೋದರು."

"ಗಣಕ ಕೆಡಲಿ ಅನ್ನೋ ಡಾಕ್ಟರಿಗೆ ಹಸಿರು ಬೇಕಿರಲಿಲ್ಲ. ಅಲ್ಲಿಗೆ ಅವರನ್ನ ಬಿಟ್ಟೆ. ಹೆಡ್ ನರ್ಸ್ ತಾನೇ ಅಳಿಸಿದ್ರೆ, ಮಧ್ಯಾಹ್ನ ಅದೇ ರೋಗಿಗೆ ತಾನೇ ಸಿರಿಂಜು ಹಿಡೀತಿದ್ರಾ? ಇನ್ನು ಈ ಪಟ್ಟಿ ನೋಡಿ. ನರ್ಸುಗಳು ಹಾಸಿಗೆ ಸಾಲಿನಲ್ಲಿ ಕೆಲಸ ಮಾಡ್ತಾರೆ. ಪರದೆಯೂ ಹಾಸಿಗೆ ಸಾಲನ್ನೇ ತೋರಿಸುತ್ತೆ. ಇಲ್ಲಿ ಮಾತ್ರ ಒಂಬತ್ತನೇ ಹಾಸಿಗೆ, ಆಮೇಲೆ ಎರಡು, ಆಮೇಲೆ ಹದಿನಾಲ್ಕು, ಆರು. ಮನಸ್ಸಿಗೆ ಬಂದ ಹಾಗೆ ಕಾಣುತ್ತೆ. ಚೀಟಿ ನಂಬರಿನ ಕೊನೆಯ ಎರಡಂಕಿ ಓದಿ."

ಸೂಪರಿಂಟೆಂಡೆಂಟ್ ಓದಿದರು. "ನಾಲ್ಕು, ಹನ್ನೊಂದು, ಹತ್ತೊಂಬತ್ತು, ಇಪ್ಪತ್ತೇಳು, ಮೂವತ್ತಾರು..."

"ನನ್ನ ಗೂಡುಗಳ ಕ್ರಮ. ಅಂದ್ರೆ ಅಳಿಸಿದೋರು ಮೊದಲು ಕೆಳಗೆ ಬಂದು, ಕಾಗದ ಸಿಗಬಹುದೇನೋ ಅಂತ ಕಡತಗಳನ್ನ ಗೂಡಿನಿಂದ ಗೂಡಿಗೆ ಎತ್ತಿ, ಆ ಕಟ್ಟು ಮುಂದಿಟ್ಟುಕೊಂಡೇ ಒಂದೊಂದಾಗಿ ಒತ್ತಿದ್ದಾರೆ. ಹಾಗೆ ಕಡತ ಎತ್ತೋಕೆ ಬರೋರು ಈ ಆಸ್ಪತ್ರೇಲಿ ಇಬ್ಬರೇ. ಒಬ್ಬಳು ನಾನು. ಹತ್ತು ಗಂಟೆಯಿಂದ ಅರ್ಧ ಗಂಟೆ ನಾನು ಕಾಂಪೌಂಡ್ರ ಕಿಟಕೀಲಿ ಮಂಡಿನೋವಿನ ಮುಲಾಮಿಗೆ ಜಗಳ ಆಡ್ತಿದ್ದೆ."

"ಹೌದು, ಹೌದು! ಇಡೀ ಸಾಲೇ ಸಾಕ್ಷಿ!" ಕಾಂಪೌಂಡರ್ ಕೂಗಿದ.

ಪತ್ತೆಯಮ್ಮ ಡಿಜಿಟಲ್ ಅಧಿಕಾರಿಯ ಕಡೆ ತಿರುಗಿದಳು. ಅವಳ ದನಿ ಇಳಿಯಿತು. "ಇನ್ನೊಬ್ಬನಿಗೆ ಆ ಕೆಲಸ ಕಲಿಸಿದ್ದೂ ನಾನೇ. ಯಾಕಪ್ಪಾ ಹೀಗೆ ಮಾಡಿದೆ?"

ಅವನು ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು ಮುಖ ಮುಚ್ಚಿಕೊಂಡ. "ಸಂಜೆ ವಾಪಸ್ ಹಾಕ್ತಿದ್ದೆ ಅಮ್ಮಾ. ಎರಡು ವರ್ಷ ಒದ್ದಾಡಿದ್ದೀನಿ. ಹಳದಿ ಕಂಡ್ರೆ ಯೋಜನೇನೇ ನಿಲ್ಲಿಸ್ತೀವಿ ಅಂದಿದ್ರು. ನನ್ನ ಹೆಸರಲ್ಲಿ ಅಲರ್ಜಿ ಬದಲಿಸೋಕೆ ಬರಲ್ಲ. ಟ್ಯಾಬ್ ತೆರೆದೇ ಇತ್ತು. ಯಾರ ಹೆಸರಲ್ಲಿದೆ ಅಂತಾನೂ ನೋಡಲಿಲ್ಲ."

"ನೋಡಿದ್ರೆ ಇವಳು ಇಷ್ಟು ಹೊತ್ತು ಗೋಡೆಗೆ ಒರಗಿ ನಿಲ್ತಿರಲಿಲ್ಲ," ಎಂದಳು ಪತ್ತೆಯಮ್ಮ. ಆಮೇಲೆ ಸೂಪರಿಂಟೆಂಡೆಂಟರಿಗೆ ಹೇಳಿದಳು: "ಇದನ್ನೆಲ್ಲ ನೋಡಿ ಗಣಕ ಕಿತ್ತುಹಾಕಬೇಡಿ ಸಾರ್. ಕಾಗದದ ಕಾಲದಲ್ಲಿ ಒಂದು ಹಾಳೆ ಹರಿದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ. ಇದು ನಿಮಿಷ ನಿಮಿಷಾನೂ ಬರೆದಿಟ್ಟಿತ್ತು. ಹಳದಿ ಇದ್ರೆ ಹಳದಿ ಅಂತ ಹೇಳೋ ಧೈರ್ಯ ನಮಗಿರಬೇಕು, ಅಷ್ಟೇ."

ಡಿಜಿಟಲ್ ಅಧಿಕಾರಿಯನ್ನು ಅಮಾನತಿನಲ್ಲಿಟ್ಟರು. ಹುಡುಗಿಯ ಮೇಲಿದ್ದ ದೂರಿನ ಹಾಳೆಯನ್ನು ಸೂಪರಿಂಟೆಂಡೆಂಟ್ ಅಲ್ಲೇ ರದ್ದು ಮಾಡಿ, ವಾರ್ಡಿಗೆ ಹೋಗೆಂದರು. ಅವಳು ಕದಲಲಿಲ್ಲ.

"ಅಳಿಸಿದ್ದು ನಾನಲ್ಲ. ಆದ್ರೆ ಚುಚ್ಚಿದ್ದು ನಾನೇ," ಎಂದಳು. "ಮೇಷ್ಟ್ರ ಮುಖ ಹೇಗೆ ನೋಡ್ಲಿ ಮಾವಾ?"

ಕಾಂಪೌಂಡರ್ ಅವಳ ಬೆನ್ನ ಮೇಲೆ ಕೈಯಿಟ್ಟು ಕರೆದುಕೊಂಡು ಹೋದ. ಮೇಷ್ಟ್ರಿಗೆ ಎಚ್ಚರವಾಗಿತ್ತು. ಮುಖದ ಊತ ಅರ್ಧ ಇಳಿದಿತ್ತು. ಸಂಜೆಯ ಇಂಜೆಕ್ಷನ್ ಟ್ರೇ ಹಿಡಿದು ಅವಳು ಹಾಸಿಗೆಯ ಬಳಿಗೆ ಬಂದಳು. ಅವಳು ಟ್ರೇ ಇಟ್ಟು, ಪರದೆಯತ್ತ ಕಣ್ಣೂ ಎತ್ತದೆ ನೇರವಾಗಿ ಅವರನ್ನೇ ಕೇಳಿದಳು.

"ಮೇಷ್ಟ್ರೇ, ನಿಮಗೆ ಯಾವ ಔಷಧಿ ಆಗಿಬರಲ್ಲ?"

ಮೇಷ್ಟ್ರು ಅವಳ ಕಡೆ ತಿರುಗಿದರು.

"ನಾಲ್ಕು ದಿನ ಆಯ್ತಮ್ಮ ಇಲ್ಲಿಗೆ ಬಂದು. ಎಲ್ರೂ ಆ ಪೆಟ್ಟಿಗೆ ಹತ್ರಾನೇ ಕೇಳ್ತಿದ್ರು. ನನ್ನ ಕೇಳಿದ್ದು ನೀನೇ ಮೊದಲು," ಎಂದು ಅವರು ತೋಳಿನ ಮೇಲಿದ್ದ ಹೊದಿಕೆ ಸರಿಸಿದರು. "ಹೇಳ್ತೀನಿ, ಬರ್ಕೋ. ಬರ್ಕೊಂಡು ನೀನೇ ಕೊಡು."