ಬದುಕಿದ್ದವರ ಚೀಟಿ

ನವೆಂಬರ್ ನಾಲ್ಕು, ಸೋಮವಾರ. ಬೆಳಿಗ್ಗೆ ಎಂಟು ನಲವತ್ತಕ್ಕೆ ತರ್ಗು ಸಲ್ಚಿಯೆ ಪಟ್ಟಣದ ಎರಡನೇ ಠಾಣೆಗೆ ಸತ್ತವನೊಬ್ಬ ದೂರು ಕೊಡಲು ಬಂದ.

"ಯಾರ ಮೇಲೆ ದೂರು?" ಕಾನ್‌ಸ್ಟೇಬಲ್ ಗಾವ್ರಿಲ್ ತಲೆ ಎತ್ತದೆ ಕೇಳಿದ.

"ನನ್ನ ಕೊಂದೋರ ಮೇಲೆ."

ಗಾವ್ರಿಲ್ ಈಗ ತಲೆ ಎತ್ತಿದ. ಎದುರಿಗೆ ಗಾರೆ ಮೆತ್ತಿದ ಕೈಯ ಆಳು, ಕಂಕುಳಲ್ಲಿ ಬಟ್ಟೆ ಸುತ್ತಿದ ಚೀಸಿನ ಗುಂಡು. "ಹೆಣಕ್ಕೆ ಇಷ್ಟು ಬೆವರು ಬರಲ್ವಲ್ಲಣ್ಣ. ಕೂತ್ಕೋ."

ಹೆಸರು ಪಾಂತೆಲಿಮೋನ್ ಉರ್ಸಾಕೆ. ಇಟಲಿಯ ಟೊರಿನೋದಲ್ಲಿ ಗಾರೆ ಕೆಲಸ. ಗುರುತಿನ ಚೀಟಿ ಹೊಸದು ಮಾಡಿಸಲು ಊರಿಗೆ ಬಂದಿದ್ದ. ಮಗಳು ಮಿರುನಾಳಿಗೆ ವಿದ್ಯಾರ್ಥಿವೇತನ ಸಿಕ್ಕಿದೆ ಎಂದು ತಿಳಿದು, ಅದರ ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂರುವ ಗುಮಾಸ್ತೆಗೆ ಒಂದು ಚೀಸ್ ಕೊಟ್ಟು ಕೈ ಮುಗಿಯೋಣವೆಂದು ಶುಕ್ರವಾರ ವಿಶ್ವವಿದ್ಯಾಲಯಕ್ಕೆ ಹೋಗಿದ್ದ. ಗುಮಾಸ್ತೆ ರಜೆಯಲ್ಲಿದ್ದಳು. ಬದಲಿಗೆ ಕೂತಿದ್ದ ಹುಡುಗಿ ಕಡತ ತೆಗೆದು ನೋಡಿ, ಮುಖ ಸಪ್ಪೆ ಮಾಡಿಕೊಂಡು, "ಹುಡುಗಿಯ ತಂದೆ ತೀರಿಕೊಂಡಿದ್ದಾರಲ್ಲ, ನೀವು ಯಾರು? ಚಿಕ್ಕಪ್ಪನಾ?" ಎಂದಳಂತೆ.

"ಮೂರು ರಾತ್ರಿ ನಿದ್ದೆ ಇಲ್ಲ ಸಾಹೇಬ್ರೇ. ನನ್ನ ಹೆಸರಲ್ಲಿ ಮರಣಪತ್ರ! ಮೊಹರು ಬೇರೆ!"

ಇನ್‌ಸ್ಪೆಕ್ಟರ್ ಜಾಮ್ಫಿರಾ ಹೋಲ್ಬಾನ್ ಬಾಗಿಲಲ್ಲಿ ನಿಂತು ಇದೆಲ್ಲ ಕೇಳಿಸಿಕೊಂಡಿದ್ದಳು. ಹದಿನಾರು ವರ್ಷದ ಸರ್ವೀಸಿನಲ್ಲಿ ಕಳ್ಳರು, ಕುಡುಕರು, ಹೆಂಡತಿಗೆ ಹೊಡೆಯುವವರು ಎಲ್ಲರೂ ಬಂದಿದ್ದರು. ತನ್ನ ಸಾವಿನ ದೂರನ್ನು ತಾನೇ ಹೊತ್ತು ತಂದವನು ಇವನೇ ಮೊದಲಿಗ. "ಎಫ್‌ಐಆರ್ ಬರಿ," ಎಂದಳು. "ಫೋರ್ಜರಿ. ಆರೋಪಿ ಅಪರಿಚಿತ. ಕಾರು ತೆಗೆ."

ಹತ್ತು ಗಂಟೆಗೆ ವಿದ್ಯಾರ್ಥಿವೇತನ ವಿಭಾಗದ ಬೀರು ತೆರೆಸಿ ಪಂಚನಾಮೆ ಶುರುವಾಯಿತು. ಕಿಟಕಿಯ ಗುಮಾಸ್ತೆ ಅಗ್ಲಾಯಾ ರೊಟಾರು ಐವತ್ತರ ವಿಧವೆ, ಕರಿ ಸ್ವೆಟರು, ಬೆನ್ನ ಮೇಲೆ ಶಾಲು. ಕೇಳಿದ ಕಡತ ಕೇಳಿದ ಕ್ಷಣಕ್ಕೆ ಕೈಗಿಡುತ್ತಿದ್ದಳು.

"ಎಷ್ಟು ತರದ ಸಹಾಯ ಇದೆ ಇಲ್ಲಿ?" ಜಾಮ್ಫಿರಾ ಕೇಳಿದಳು.

"ಜಾಣರಿಗೆ ಪ್ರತಿಭಾ ವೇತನ. ಬಡವರಿಗೆ ಸಾಮಾಜಿಕ ವೇತನ. ಕಾಯಿಲೆಯವರಿಗೊಂದು. ಹೆತ್ತ ಹುಡುಗಿಗೆ ಬಾಣಂತಿ ಸಹಾಯ. ಮನೇಲಿ ಸಾವಾದ್ರೆ ಒಂದ್ಸಲದ ಹಣ. ಆಮೇಲೆ ಹಾಸ್ಟೆಲ್ ರಿಯಾಯಿತಿ, ಕ್ಯಾಂಟೀನ್ ಚೀಟಿ, ರೈಲು, ಬೇಸಿಗೆ ಶಿಬಿರ." ಅಗ್ಲಾಯಾ ಬೆರಳು ಮಡಿಸುತ್ತ ಹೋದಳು. "ಬಾಗಿಲು ಒಂಬತ್ತಿವೆ ಮೇಡಂ. ಕೀಲಿಕೈ ಮಾತ್ರ ಒಂದೇ, ಕಾಗದ."

"ಉರ್ಸಾಕೆ ಹುಡುಗಿ ಯಾವ ಬಾಗಿಲು?"

"ಸಾಮಾಜಿಕ. ಅದರೊಳಗೆ ಎರಡು ದಾರಿ. ತಂದೆ ಬದುಕಿದ್ರೆ ಅವರ ಸಂಬಳದ ಪತ್ರ ಬೇಕು. ಹೊರದೇಶದಲ್ಲಿದ್ರೆ ಅಲ್ಲಿಯ ಧಣಿ ಸಹಿ ಮಾಡಿದ ಪತ್ರ. ಕದ್ದುಮುಚ್ಚಿ ದುಡಿಸ್ಕೊಳ್ಳೋ ಧಣಿ ಸಹಿ ಮಾಡ್ತಾನಾ? ತಂದೆ ಸತ್ತಿದ್ರೆ ಮರಣಪತ್ರ ಒಂದೇ ಸಾಕು."

ಸತ್ತ ತಂದೆತಾಯಂದಿರ ಕಡತ ಮೂವತ್ತೊಂದು. ಜಾಮ್ಫಿರಾ ಮೂವತ್ತೊಂದೂ ಮರಣಪತ್ರಗಳನ್ನು ಮೇಜಿನ ಮೇಲೆ ಹರಡಿದಳು. ಹನ್ನೊಂದು ಗಂಟೆ ಐದಕ್ಕೆ ಅವಳ ಬೆರಳು ಒಂದು ಮೊಹರಿನ ಮೇಲೆ ನಿಂತಿತು. ಮೊಹರಿನ ಬಲಗಡೆ ಕೂದಲೆಳೆಯಂಥ ಗೀರು. ಪಕ್ಕದ ಪತ್ರದಲ್ಲೂ ಅದೇ ಗೀರು. ಇನ್ನೊಂದರಲ್ಲೂ. ಒಟ್ಟು ಏಳು. ಏಳು ಬೇರೆ ಬೇರೆ ಹಳ್ಳಿಯ ತಂದೆಯರು, ಎಲ್ಲರ ಸಾವಿಗೂ ಒಂದೇ ಪುರಸಭೆಯ ಒಂದೇ ಗೀರು ಬಿದ್ದ ಮೊಹರು!

"ಒಂದೇ ತಾಯಿಯ ಮಕ್ಕಳು ಇವೆಲ್ಲ," ಎಂದಳು. "ಅಸಲಿ ಪತ್ರ ಒಂದಿದೆ. ಅದರ ಮೇಲೆ ಹೆಸರು ಬದಲಿಸಿ ಏಳು ಪ್ರತಿ ತೆಗೆದಿದ್ದಾರೆ. ಗಾವ್ರಿಲ್, ಏಳೂ ಊರಿಗೆ ಫೋನು ಹಚ್ಚು."

ಸಂಜೆ ಹೊತ್ತಿಗೆ ಏಳು ಜನರೂ ಬದುಕಿದ್ದರು. ಒಬ್ಬ ಸ್ಪೇನಿನಲ್ಲಿ ದನ ಕಾಯುತ್ತಿದ್ದ, ಇಬ್ಬರು ಜರ್ಮನಿಯ ಕಸಾಯಿಖಾನೆಯಲ್ಲಿ, ಪಾಂತೆಲಿಮೋನ್ ಬಿಟ್ಟು ಉಳಿದವರು ಇಟಲಿಯಲ್ಲಿ.

ಮಂಗಳವಾರ ಸಹಕುಲಪತಿ ವೋಯ್ಕಿಲಾ ಅವಳನ್ನು ಕೋಣೆಗೆ ಕರೆಸಿದ. "ಇದರಲ್ಲಿ ತನಿಖೆ ಮಾಡೋಕೆ ಏನಿದೆ? ಸುಳ್ಳು ಕಾಗದ ಯಾರ ಕಡತದಲ್ಲಿದೆಯೋ ಅವರೇ ಕಳ್ಳರು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಶಿಸ್ತು ಸಮಿತಿ. ಏಳೂ ಜನಾನ ಹೊರಗೆ ಹಾಕ್ತೀವಿ."

"ಅವರೇ ಮಾಡಿದ್ದು ಅಂತ ಸಾಬೀತಾಗಿಲ್ಲ."

"ಹಾಗಾದ್ರೆ ಗುರುವಾರ ಹನ್ನೆರಡರ ಒಳಗೆ ಸಾಬೀತು ಮಾಡಿ, ಅವರಲ್ಲ ಅಂತ." ಅವನು ಕಾಫಿ ಕಲಕಿದ. "ಹಸಿದವರಿಗೆ ಕೊಟ್ಟಷ್ಟೂ ಸುಳ್ಳು ಜಾಸ್ತಿ ಹೇಳ್ತಾರೆ, ಇನ್‌ಸ್ಪೆಕ್ಟರ್."

ಹೊಟ್ಟೆ ತುಂಬಿದವರ ಸುಳ್ಳಿಗೆ ಲೆಟರ್‌ಹೆಡ್ ಇರುತ್ತದೆ, ಅಷ್ಟೇ ವ್ಯತ್ಯಾಸ. ಜಾಮ್ಫಿರಾ ಅದನ್ನು ನುಂಗಿಕೊಂಡು ಹೊರಬಂದಳು.

ಮಿರುನಾಳನ್ನು ಹಾಸ್ಟೆಲಿನ ಅಡುಗೆಕೋಣೆಯಲ್ಲೇ ವಿಚಾರಿಸಿದಳು.

"ಮರಣಪತ್ರ ಯಾರು ಕೊಟ್ಟದ್ದು?"

"ನಂಗೊತ್ತಿಲ್ಲ. ನಾನು ಕೊಟ್ಟಿದ್ದು ಅರ್ಜಿ, ಅಮ್ಮನ ಸಂಬಳದ ಪತ್ರ. ಅಪ್ಪಂದು ಸಿಗ್ಲಿಲ್ಲ. ತಿರಸ್ಕಾರ ಆಗುತ್ತೆ ಅಂತ ಬ್ಯಾಗು ಕಟ್ಟಿದ್ದೆ. ಪಟ್ಟಿ ನೋಡಿದ್ರೆ ಹೆಸರಿತ್ತು."

"ಹೇಗೆ ಬಂತು ಅಂತ ಕೇಳ್ಲಿಲ್ವಾ?"

"ನೀವು ಕೇಳ್ತಿದ್ರಾ?" ಹುಡುಗಿಯ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿ. "ಜೀವಮಾನದಲ್ಲಿ ಒಂದ್ಸಲ ಬಾಗಿಲು ತಾನಾಗೇ ತೆರೀತು. ಚಿಲಕ ಯಾರು ತೆಗೆದ್ರು ಅಂತ ಕೇಳ್ಬೇಕಿತ್ತಾ? ನಮ್ಮನ್ನ ಓಡಿಸ್ತಾರಾ ಮೇಡಂ?"

ಏಳು ಹೇಳಿಕೆಗಳಲ್ಲೂ ಇದೇ ಮಾತು. ಏಳು ಜನರಿಗೆ ಪರಸ್ಪರ ಮುಖಪರಿಚಯವೂ ಇಲ್ಲ.

ಬುಧವಾರ ಸಂಜೆ ನಾಲ್ಕೂವರೆ. ಉಳಿದದ್ದು ಇಪ್ಪತ್ತು ಗಂಟೆಗೂ ಕಡಿಮೆ. ಜಾಮ್ಫಿರಾ ಬಳೆಯಾಕಾರದ ಉಪ್ಪು ಬ್ರೆಡ್ಡು ಕಚ್ಚುತ್ತ, ಕಡತಗಳ ನೋಂದಣಿ ಸಂಖ್ಯೆಯ ಕ್ರಮದಲ್ಲಿ ತಂದೆಯರ ಹೆಸರು ಬರೆಸುತ್ತಿದ್ದಳು. ಗಾವ್ರಿಲ್ ಬರೆದದ್ದನ್ನು ಗಟ್ಟಿಯಾಗಿ ಓದಿದ. "ಸೊಫ್ರೋನಿಯೆ, ಪಾಂತೆಲಿಮೋನ್, ಡೊಮೆಟಿಯೆ, ಲಜರ್..."

ಓದುತ್ತ ಓದುತ್ತ ಅವನ ದನಿ ರಾಗಕ್ಕೆ ತಿರುಗಿತು. ಅವನೇ ಬೆಚ್ಚಿಬಿದ್ದ.

"ಏನಾಯ್ತೋ?"

"ಅಮ್ಮಾ! ಇದನ್ನ ನಾನು ಹಾಡಿದೀನಿ!"

"ತಲೆ ನೆಟ್ಟಗಿದೆಯಾ?"

"ಚರ್ಚಲ್ಲಿ! ಭಾನುವಾರ ಜನ ಹೆಸರು ಬರೆದು ಕೊಟ್ಟ ಪ್ರಾರ್ಥನೆ ಚೀಟಿ ಎಷ್ಟಿರ್ತಾವೆ, ಪಾದ್ರಿ ಒಬ್ರೇ ಓದೋಕಾಗಲ್ಲ, ಅರ್ಧ ನಂಗೆ ಕೊಡ್ತಾರೆ. ಡೊಮೆಟಿಯೆ ಅನ್ನೋ ಹೆಸರು ಈಗ ಯಾರು ಇಡ್ತಾರೆ? ಅದಕ್ಕೇ ನೆನಪು. ಮೂರು ಭಾನುವಾರದಿಂದ ಇದೇ ಏಳು ಹೆಸರು, ಇದೇ ಸಾಲು. ಅದೂ ಸತ್ತವರ ಚೀಟಿ ಅಲ್ಲ ಅಮ್ಮ, ಬದುಕಿದ್ದವರ ಚೀಟಿ! ಆರೋಗ್ಯಕ್ಕಾಗಿ!"

ಜಾಮ್ಫಿರಾ ಬ್ರೆಡ್ಡು ಬಿಸಾಕಿ ಎದ್ದಳು. ಬದುಕಿದ್ದವನ ಹೆಸರನ್ನು ಅಪ್ಪಿತಪ್ಪಿ ಸತ್ತವರ ಚೀಟಿಯಲ್ಲಿ ಬರೆದರೆ ಆಯಸ್ಸು ಮುರಿಯುತ್ತದೆಂದು ಅವಳ ಅಜ್ಜಿ ತಾನು ಬರೆದ ಚೀಟಿಯನ್ನು ಮೂರು ಸಲ ನೋಡಿ ಕೊಡುತ್ತಿದ್ದಳು. ಸರ್ಕಾರದ ಕಾಗದದಲ್ಲಿ ಏಳು ಜನರನ್ನು ಕೊಂದ ಕೈಗೆ ದೇವರ ಎದುರು ಹೆದರಿಕೆ ಹುಟ್ಟಿದೆ. ತಾನು ಕೊಂದವರನ್ನು ವಾರವಾರ ಬದುಕಿಸಿ ಬರುತ್ತಿದೆ. ಅದೂ ನೋಂದಣಿ ಪುಸ್ತಕದ ಕ್ರಮದಲ್ಲಿ!

"ಆ ಕ್ರಮ ಗೊತ್ತಿರೋದು ಯಾರಿಗೆ, ಗಾವ್ರಿಲ್?"

ಗಾವ್ರಿಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಕಿಟಕಿಯ ಆಯಮ್ಮ ಅಲ್ಲ ಅಂತ ಹೇಳಿ ಅಮ್ಮ. ಆ ಸವೆದ ಚಪ್ಪಲಿ ನೋಡಿದ್ರಾ? ಲಂಚ ತಿಂದೋಳ ಕಾಲಲ್ಲ ಅದು."

ಐದೂಕಾಲಿಗೆ ಚರ್ಚು. ಮೇಣದಬತ್ತಿ ಮಾರುವ ಫ್ರಸಿನಾ ಅಜ್ಜಿ ಗಲ್ಲಾದ ಮುಂದೆ ಕೋಟೆಯಂತೆ ಕೂತಿದ್ದಳು.

"ದೇವರಿಗೆ ಬರೆದ ಕಾಗದ ಪೊಲೀಸರಿಗೆ ತೋರ್ಸಲ್ಲ."

"ಅಜ್ಜಿ, ಏಳು ಮಕ್ಕಳ ಓದು ನಾಳೆ ಮಣ್ಣಾಗುತ್ತೆ," ಎಂದ ಗಾವ್ರಿಲ್.

"ನೀನು ಮೊದ್ಲು ಭಾನುವಾರ ಶ್ರುತಿ ಸರಿಯಾಗಿ ಹಿಡಿ. ಆಮೇಲೆ ನಂಗೆ ಬುದ್ಧಿ ಹೇಳು."

ಜಾಮ್ಫಿರಾ ಟೋಪಿ ತೆಗೆದು ಎರಡು ಬತ್ತಿ ಕೊಂಡಳು. ತಂದೆಗೊಂದು, ಸತ್ತವರಿಗಿಟ್ಟ ಕೆಳಗಿನ ಮರಳ ತಟ್ಟೆಯಲ್ಲಿ ನೆಟ್ಟಳು. ತಾಯಿಗೊಂದು, ಬದುಕಿದ್ದವರ ಮೇಲಿನ ತಟ್ಟೆಯಲ್ಲಿ. ಮುದುಕಿ ಅದನ್ನೇ ನೋಡುತ್ತಿದ್ದವಳು ಕೊನೆಗೆ ಗೊಣಗಿದಳು. "ಹೆಸರು ಹೇಳಲ್ಲ. ಗುರುವಾರ ಬೆಳಿಗ್ಗೆ ಏಳೂವರೆಗೆ ಬರ್ತಾಳೆ, ಕೆಲಸಕ್ಕೆ ಮುಂಚೆ. ಏಳು ಬತ್ತಿ, ಏಳೂ ಮೇಲಿನ ತಟ್ಟೆಗೆ. ನಿಂಗೆ ಅಣ್ಣತಮ್ಮಂದಿರು ಎಷ್ಟೇ ತಾಯಿ ಅಂದ್ರೆ, 'ಇವರು ಸಾಯಬಾರದು ಅಜ್ಜಿ' ಅಂತ ಅಳ್ತಾಳೆ."

ಗುರುವಾರ ಏಳು ಮೂವತ್ತೆರಡಕ್ಕೆ ಅಗ್ಲಾಯಾ ರೊಟಾರು ಒಳಗೆ ಬಂದಳು. ಏಳನೇ ಬತ್ತಿ ನೆಡುವವರೆಗೆ ಇನ್‌ಸ್ಪೆಕ್ಟರ್ ಕಂಬದ ಮರೆಯಲ್ಲಿ ಕಾದಳು. ಆಮೇಲೆ ಪಕ್ಕದಲ್ಲಿ ಹೋಗಿ ನಿಂತಳು.

"ಅಸಲಿ ಪತ್ರ ಎಲ್ಲಿದೆ ಅಗ್ಲಾಯಾ?"

ಅಗ್ಲಾಯಾ ಬೆಂಕಿಯಿಂದ ಕಣ್ಣು ತೆಗೆಯಲಿಲ್ಲ. "ಮನೇಲಿ. ದೇವರ ಪಟದ ಹಿಂದೆ. ನನ್ನ ಯಜಮಾನರದ್ದು."

ಒಂಬತ್ತೂಕಾಲಿಗೆ ಅವಳ ಮನೆಯ ಪಂಚನಾಮೆ. ಗಂಡನ ಮರಣಪತ್ರ ಪಟದ ಹಿಂದಿತ್ತು. ಮೊಹರಿನ ಬಲಗಡೆ ಕೂದಲೆಳೆಯಂಥ ಗೀರು. ಬಂಧನದ ಮೆಮೋ ಒಂಬತ್ತು ಐವತ್ತಕ್ಕೆ. ಹೇಳಿಕೆಯ ಮೊದಲ ಭಾಗಕ್ಕೆ ಸಹಿ ಬಿದ್ದಾಗ ಹನ್ನೊಂದು ಮೂವತ್ತಾರು.

"ಓಡು!" ಎಂದಳು ಜಾಮ್ಫಿರಾ.

ವಾರದ ಸಂತೆ ರಸ್ತೆಗೆ ಅಡ್ಡ. ಎಲೆಕೋಸಿನ ಗಾಡಿಗಳ ನಡುವೆ ಕಾರು ಸಿಕ್ಕಿಕೊಂಡಿತು. ಇಬ್ಬರೂ ಇಳಿದು ಓಡಿದರು. ಲಿಫ್ಟು ಕೆಟ್ಟಿತ್ತು. ನಾಲ್ಕು ಅಂತಸ್ತು. ಮೂರನೆಯದರಲ್ಲಿ ಗಾವ್ರಿಲ್ ಗೋಡೆ ಹಿಡಿದು, "ನೀವು ಹೋಗಿ ಅಮ್ಮ, ನನ್ನ ಬತ್ತಿ ಕೆಳಗಿನ ತಟ್ಟೆಗೆ ನೆಡಿ!" ಎಂದು ಕೂಗಿದ.

ಹನ್ನೆರಡಕ್ಕೆ ಇನ್ನೂ ನಾಲ್ಕು ನಿಮಿಷ. ವೋಯ್ಕಿಲಾ ಹೊತ್ತಾಗುವವರೆಗೂ ಕಾಯದೆ ಆಗಲೇ ಎದ್ದು ನಿಂತು ಏಳು ಹೆಸರು ಓದುತ್ತಿದ್ದ. ಏಳು ಮಕ್ಕಳು ಗೋಡೆಗೆ ಸಾಲಾಗಿ ನಿಂತಿದ್ದರು. ಬಾಗಿಲಲ್ಲಿ ಮಿರುನಾಳ ತಂದೆ, ಕೈಯಲ್ಲಿ ಟೋಪಿ.

ಜಾಮ್ಫಿರಾ ಹೇಳಿಕೆಯನ್ನು ಮೇಜಿಗೆ ಬಡಿದಳು. "ಮಾಡಿದವರು ಸಿಕ್ಕಿದ್ದಾರೆ. ನಿಮ್ಮದೇ ಕಚೇರಿಯವರು. ಈ ಮಕ್ಕಳಿಗೆ ಏನೂ ಗೊತ್ತಿರಲಿಲ್ಲ. ಒಬ್ಬರನ್ನ ಮುಟ್ಟಿದ್ರೂ ನಾಳೆ ನಿಮ್ಮ ಮೇಲೂ ಎಫ್‌ಐಆರ್."

ವೋಯ್ಕಿಲಾ ಓದಿದ. ಕಿವಿ ಕೆಂಪಾಯಿತು. "ಸರಿ. ಹೊರಗೆ ಹಾಕೋದಿಲ್ಲ. ಆದರೆ ಮರಣಪತ್ರ ಸುಳ್ಳು, ಸಂಬಳದ ಪತ್ರ ಇಲ್ಲ. ವೇತನವೂ ಇಲ್ಲ."

"ನಿಯಮ ಹತ್ತೊಂಬತ್ತು," ಎಂದಳು ಜಾಮ್ಫಿರಾ, ಏದುಸಿರಲ್ಲೇ. ಬೆಳಿಗ್ಗೆ ಕಾರಿನಲ್ಲಿ ಅಗ್ಲಾಯಾ ಅದನ್ನು ಅವಳಿಗೆ ಬಾಯಿಪಾಠ ಮಾಡಿಸಿದ್ದಳು. "ತಂದೆ ಖುದ್ದು ಬಂದು ಪ್ರಮಾಣ ಮಾಡಿ ಬರೆದುಕೊಟ್ಟರೆ ಧಣಿಯ ಪತ್ರ ಬೇಕಿಲ್ಲ. ಇಷ್ಟು ವರ್ಷ ಇದನ್ನ ಯಾವ ಬೋರ್ಡಿಗೂ ಹಾಕಲಿಲ್ಲ ಯಾಕೆ?"

"ನಾನು ಬಂದಿದೀನಿ!" ಪಾಂತೆಲಿಮೋನ್ ಬಾಗಿಲಿಂದಲೇ ಕೂಗಿದ. "ಎಲ್ಲಿ ಸಹಿ ಹಾಕ್ಬೇಕು?"

ಸಭೆಯಲ್ಲಿ ಯಾರೋ ಮೇಜು ಕುಟ್ಟಿದರು. ಇನ್ನೊಬ್ಬರು. ವಯಸ್ಸಾದ ಪ್ರಾಧ್ಯಾಪಕಿಯೊಬ್ಬಳು ಎದ್ದು, ಉಳಿದ ತಂದೆಯರಿಗೆ ಹದಿನೈದನೇ ತಾರೀಕಿನವರೆಗೆ ಗಡುವು ಕೊಡಿ ಎಂದಳು. ಕೈಗಳು ಎದ್ದವು. ಒಂಬತ್ತರಲ್ಲಿ ಆರು! ಮಕ್ಕಳು ಮೆಟ್ಟಿಲಿಳಿದು ಓಡಿದರು, ಓಡುತ್ತಲೇ ಕಿವಿಗೆ ಫೋನು: "ಅಪ್ಪಾ, ಬಸ್ಸು ಹತ್ತು! ಕೆಲಸ ಹೋದ್ರೆ ಹೋಗ್ಲಿ, ಬಸ್ಸು ಹತ್ತು!" ಎಷ್ಟು ಜನ ಹತ್ತುತ್ತಾರೋ, ಎಷ್ಟು ಧಣಿಗಳು ಬಿಡುತ್ತಾರೋ ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಠಾಣೆಯಲ್ಲಿ ಹೇಳಿಕೆಯ ಉಳಿದ ಭಾಗ.

"ಹಣ ಎಷ್ಟು ತಗೊಂಡಿರಿ?"

"ಒಂದು ಕಾಸೂ ಇಲ್ಲ."

"ಮಕ್ಕಳಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ 'ನಮ್ಮಪ್ಪ ಸತ್ತ' ಅಂತ ಅವರೇ ಬಾಯಲ್ಲಿ ಹೇಳ್ಬೇಕಿತ್ತು. ಆ ಪಾಪ ನನ್ನೊಬ್ಬಳದ್ದೇ ಇರ್ಲಿ ಅಂತ."

"ನಿಯಮ ಹತ್ತೊಂಬತ್ತನ್ನ ಹೇಳಬಹುದಿತ್ತಲ್ಲ?"

"ಮೊದಲೆಲ್ಲ ಹೇಳ್ತಿದ್ದೆ. ಬರೋಕೆ ಹೋದ್ರೆ ಅಪ್ಪಂದಿರ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಮಗು ಓದಲ್ಲ."

ಜಾಮ್ಫಿರಾ ಪೆನ್ನು ಕೆಳಗಿಟ್ಟಳು. "ಮತ್ತೆ ಈ ವರ್ಷವೇ ಯಾಕೆ?"

ಅಗ್ಲಾಯಾ ಶಾಲಿನ ಅಂಚು ಮಡಿಸುತ್ತ ಹೇಳತೊಡಗಿದಳು. ಹೋದ ವರ್ಷ ತಾಸಿಯಾ ಎಂಬ ಹುಡುಗಿ ಬಂದಿದ್ದಳಂತೆ. ಗಣಿತ, ಎರಡನೇ ವರ್ಷ. ಅಪ್ಪ ಇಟಲಿಯಲ್ಲಿ, ಪತ್ರವಿಲ್ಲ. ಕಡತ ವಾಪಸು ಕೊಟ್ಟಾಗ ಹುಡುಗಿ ಅಳಲಿಲ್ಲ. ಈಗ ಅವಳು ಸ್ಪೇನಿನಲ್ಲಿ ಸ್ಟ್ರಾಬೆರಿ ಕೀಳುತ್ತಿದ್ದಾಳೆ.

"ಹೋಗೋ ಮುಂಚೆ ಕಿಟಕಿಯಿಂದ ತಲೆ ತೂರಿಸಿ ಕೇಳಿದ್ಲು ಮೇಡಂ. 'ಅಮ್ಮಾ, ನಮ್ಮಪ್ಪ ಸತ್ತಿದ್ರೆ ನಂಗೆ ವೇತನ ಸಿಕ್ತಿತ್ತಾ?' ಅಂತ. ನಾನು ನಿಯಮದ ಪುಸ್ತಕ ತೆಗೆದು, ಪುಟ ಹುಡುಕಿ, ಓದಿ ನೋಡಿ ಹೇಳಿದೆ, 'ಹೌದು ಮಗಳೇ, ಸಿಕ್ತಿತ್ತು.'"