ಮುಚ್ಚಿದ ಕೋಣೆಯ ಹೊಗೆ

ಧಡ್!

ಆಂಬುಲೆನ್ಸಿನ ಹಿಂಬಾಗಿಲಿಗೆ ಕಬ್ಬಿಣದ ರಾಡು. ಗಾಜು ಪುಡಿಪುಡಿ...

"ಬಗ್ಗು ವೇಣಿ!" ಡ್ರೈವರ್ ಗಂಗಪ್ಪ ಕೂಗಿದ. "ಬೈಕಿನೋರು ಬಿಡ್ತಾ ಇಲ್ಲ!"

"ನೀನೂ ಬಿಡ್ಬೇಡ ಅಣ್ಣ. ತುಳಿ!"

ಪೀಣ್ಯದ ಮಟಮಟ ಮಧ್ಯಾಹ್ನ. ನನ್ನ ಕಸುಬು ಕೇಳ್ತೀರಾ? ಬೆಡ್ ಇಲ್ಲ ಅನ್ನೋ ಆಸ್ಪತ್ರೆಗಳಲ್ಲಿ ಬೆಡ್ ಹುಟ್ಟಿಸೋದು. ಇವತ್ತಿನದು ಉಲ್ಟಾ. ನರ್ಸಿಂಗ್ ಹೋಮಿನ ಬೆಡ್ಡಿಂದ ಒಬ್ಬನನ್ನ ಎತ್ಕೊಂಡು ಓಡೋದು!

ಸ್ಟ್ರೆಚರ್ ಮೇಲೆ ಮುತ್ತು. ಫ್ಯಾಕ್ಟರಿಯ ಗುತ್ತಿಗೆ ಕೂಲಿ. ಬೆಳಗ್ಗೆ ಮೈ ಸುಟ್ಟಿತ್ತು. ಕಂಟ್ರಾಕ್ಟರ್ ಗುರುರಾಜ್ ತನಗೆ ಬೇಕಾದ ನರ್ಸಿಂಗ್ ಹೋಮಿಗೆ ತಂದು ಹಾಕಿದ್ದ. ಅಲ್ಲಿ ಸುಟ್ಟಗಾಯದ ವಾರ್ಡೇ ಇಲ್ಲ. ಮುಲಾಮು, ಡ್ರಿಪ್ಪು, ಬಾಗಿಲಿಗೆ ಕಾವಲು. ಅಷ್ಟೇ ಟ್ರೀಟ್‌ಮೆಂಟು! ಆ ಕಾವಲಿನೋರೇ ಈಗ ಬೈಕಲ್ಲಿ ನಮ್ಮ ಹಿಂದೆ.

ಹೆಂಡತಿ ಮಹಾದೇವಿ ಕದ್ದು ನನಗೆ ಫೋನ್ ಮಾಡಿದ್ದಳು. ಈಗ ಅವನ ಕಾಲ ಬಳಿ ಕೂತಿದ್ದಳು.

"ಹೆಂಗೆ ಸುಟ್ಟಿದ್ದು?"

"ಸ್ಟವ್ ಸಿಡೀತ್ರೀ ಅಕ್ಕಾ."

"ಸ್ಟವ್ ಸಿಡಿದವನ ಹಿಂದೆ ರಾಡ್ ಹಿಡ್ಕೊಂಡು ಯಾರೂ ಬರಲ್ಲ ಕಣಮ್ಮ."

ಅವಳು ಗಂಡನ ಹೊದಿಕೆ ಮೇಲೆ ಬಿದ್ದ ಗಾಜಿನ ಚೂರು ಆರಿಸತೊಡಗಿದಳು.

"ನೀರು..." ಮುತ್ತು ಅಂದ. ಅದು ದನಿಯಲ್ಲ, ಗರಗಸ! ಬಗ್ಗಿ ನೋಡಿದೆ. ಮೂಗಿನೊಳಗೆ ಮಸಿ.

ಗೊರಗುಂಟೆಪಾಳ್ಯ. ಗಂಗಪ್ಪ ಎರಡು ಲಾರಿಗಳ ನಡುವೆ ತೂರಿಸಿದ. ಹಿಂದಿದ್ದ ಬೈಕಿನ ಹ್ಯಾಂಡಲ್ ಲಾರಿಗೆ ಸಿಕ್ಕಿತು. ಕಿರ್ರ್...

"ಮಲಕ್ಕೋ ಮಗಾ," ಅಂದ ಗಂಗಪ್ಪ.

ಆದರೆ ಸರ್ಕಾರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನ ಬಾಗಿಲಲ್ಲಿ ಗುರುರಾಜ್! ಸುಟ್ಟವರನ್ನ ತರೋದು ಇಲ್ಲಿಗೇ ಅಂತ ಗೊತ್ತಿತ್ತು, ಕಾರಲ್ಲಿ ಮೊದಲೇ ಬಂದಿದ್ದ. ಮಹಾದೇವಿಯ ಮೊಣಕೈ ಹಿಡಿದ.

ಡಾಕ್ಟರ್ ರಕ್ಷಿತಾ ಓಡಿ ಬಂದರು. "ಬಯಲಲ್ಲಿ ಸುಟ್ಟಿದ್ದೋ, ಮುಚ್ಚಿದ ರೂಮಲ್ಲೋ?"

"ಅಡುಗೆಮನೆ ಸ್ಟವ್ ಮೇಡಂ," ಗುರುರಾಜನೇ ಹೇಳಿದ.

ಅವನ ಮಣಿಕಟ್ಟು ಹಿಡಿದು ತಿರುಚಿದೆ. ಲಟಕ್ ಅಂತು. "ಮಹಾದೇವಿ, ಈಗ ನೀನು ಹೇಳು!"

"ಫ್ಯಾಕ್ಟರಿ ಪೇಂಟ್ ಹೊಡಿಯೋ ರೂಮ್ರೀ!" ಅವಳು ಕಿರುಚಿದಳು. "ಬಾಗ್ಲಾ ಹೊರಗಿಂದ ಹಾಕಿದ್ರು! ಖರೆ ಹೇಳಿದ್ರ ಔಷಧ ನಿಲ್ಲಸ್ತೀವಿ ಅಂದಿದ್ರು..."

"ಹೊಗೆ ಕುಡಿದಿದಾನೆ. ಉಸಿರಿಗೆ ಟ್ಯೂಬ್ ಹಾಕಿ, ಬೇಗ!" ಡಾಕ್ಟರ್ ಸ್ಟ್ರೆಚರ್ ಜೊತೆ ಒಳಗೆ ಓಡಿದರು. ಬಾಗಿಲು ಮುಚ್ಚಿತು.

ಡಾಕ್ಟರ್ ಹೊರಗೆ ಬಂದಾಗ ಮುಖದಲ್ಲಿ ರಕ್ತ ಇರಲಿಲ್ಲ.

"ಗಂಟಲು ಊದಿ ಮುಚ್ಚಿಹೋಗಿದೆ. ಹೆಂಗೋ ಟ್ಯೂಬ್ ತೂರಿಸಿದ್ವಿ. ಸ್ಟವ್ ಅಂದಿದ್ದಕ್ಕೆ ಅಲ್ಲಿಯೋರು ಗಂಟಲು ನೋಡೇ ಇಲ್ಲ. ಬೆಳಗ್ಗೆ ನೇರ ಇಲ್ಲಿಗೆ ತಂದಿದ್ರೆ..."

ಮಾತು ಮುಗಿಸಲಿಲ್ಲ. ಮುತ್ತು ಮುಗಿಸಿದ. ಮರುದಿನ.

ಶವಾಗಾರದ ಮುಂದೆ ಪೊಲೀಸರಿಗೆ ಮಹಾದೇವಿ ಎಲ್ಲಾ ಹೇಳಿದಳು. ಮಾತು ತಡವರಿಸಲಿಲ್ಲ. ಗುರುರಾಜ್ ಕೈಗೆ ಪಟ್ಟಿ ಸುತ್ಕೊಂಡು ಇನ್ನೂ ಅದೇ ರಾಗ.

"ಸೀಮೆಎಣ್ಣೆ ಸ್ಟವ್ ಸಾರ್! ಅವರ ರೂಮಲ್ಲೇ ಬಿದ್ದಿದೆ. ಬೇಕಾದ್ರೆ ತಂದು ತೋರಿಸ್ತೀನಿ!"

"ತಾ ಗುರು," ಅಂದೆ. "ಬರೋವಾಗ ಒಂದು ಲೀಟರ್ ಸೀಮೆಎಣ್ಣೇನೂ ತಾ. ರೇಷನ್ ಅಂಗಡೀಲೂ ನಿಂತು ವರ್ಷಗಳಾದ್ವು. ಈ ಊರಲ್ಲಿ ಅದು ಈಗ ಎಲ್ಲಿ ಸಿಗುತ್ತೆ ಅಂತ ಸಾಹೇಬ್ರೂ ನೋಡ್ಲಿ!"