ಗಂಟಲಿನ ಸಾಕ್ಷಿ

ರಾತ್ರಿ ಹತ್ತೂವರೆಗೆ ಶೀತಲ ಕೋಣೆಯ ಬಾಗಿಲು ಅವಳ ಬೆನ್ನ ಹಿಂದೆ ಟಕ್ ಎಂದಿತು. ಸದ್ದು ಸಣ್ಣದು. ಆದರೆ ಬೀಗ ಹಾಕಿದೆನೋ, ಗ್ಯಾಸ್ ಆರಿಸಿದೆನೋ ಎಂದು ಎರಡೆರಡು ಸಲ ನೋಡುವವಳಿಗೆ ಯಾವ ಸದ್ದೂ ಸಣ್ಣದಲ್ಲ. ಲ್ಯಾಬಿನಲ್ಲಿ ಅವಳ ಹೆಸರೇ ಎಚ್ಚರಮ್ಮ.

“ಬಾಗಿಲು ಹಾಕ್ಕೊಳ್ತು” ಎಂದಳು.

“ತೆಗೆದ್ರಾಯ್ತು” ಎಂದು ಎಳೆದವನ ಕೈಗೆ ಹಿಡಿಯೇ ಕಿತ್ತುಬಂತು.

ಅವನು ಲ್ಯಾಬಿನ ‘ಬಾಣಸಿಗ’. ರಕ್ತವನ್ನು ಹದವಾಗಿ ಬಿಸಿಮಾಡಿ, ಚಾಕೊಲೇಟ್ ಬಣ್ಣ ಬರಿಸಿ, ರೋಗಾಣುಗಳಿಗೆ ಗಾಜಿನ ತಟ್ಟೆಯಲ್ಲಿ ಊಟ ಬಡಿಸುವುದು ಅವನ ಕೆಲಸ. ಆ ರೋಗಾಣುಗಳ ಜೀನ್‌ಗಳನ್ನು ಕಂಪ್ಯೂಟರಿನಲ್ಲಿ ಓದಿ, ಯಾವುದು ಯಾವುದಕ್ಕೆ ದಾಯಾದಿ ಎಂದು ವಂಶವೃಕ್ಷ ಬರೆಯುವುದು ಅವಳ ಕೆಲಸ. ತಟ್ಟೆಗಳ ಮೇಲಿನ ನಂಬರು ಸರಿಯಿದೆಯೇ ಎಂದು ಮತ್ತೊಮ್ಮೆ ನೋಡಲು ಅವಳೇ ಅವನನ್ನು ಕರೆತಂದಿದ್ದಳು. ಫೋನುಗಳೆರಡೂ ಹೊರಗಿದ್ದವು. ಒಳಗೆ ನಾಲ್ಕು ಡಿಗ್ರಿ.

“ಅಣ್ಣ ಕಾಯ್ತಿರ್ತಾನೆ. ಮದುವೆ ಗೊತ್ತಾಗಿರೋ ಹುಡುಗಿ ಇಷ್ಟೊತ್ತಲ್ಲಿ...”

“ಹುಡುಗ ಹೇಗಿದ್ದಾರೆ?”

“ಅಣ್ಣನಿಗೆ ಇಷ್ಟ ಆಗಿದ್ದಾರೆ.”

“ನಾನು ಕೇಳಿದ್ದು ಅದಲ್ಲ.”

“ನೀವು ಕೇಳಿದ್ದನ್ನ ಮನೇಲಿ ಯಾರೂ ಕೇಳಿಲ್ಲ.”

ಅವಳ ಹಲ್ಲು ಕಟಕಟ ಎನ್ನತೊಡಗಿದಾಗ ಅವನು ತನ್ನ ಸ್ವೆಟರ್ ಬಿಚ್ಚಿ ಅವಳಿಗೆ ಹೊದಿಸಿದ. ಬಗ್ಗಿ ಒಂದೊಂದೇ ಗುಂಡಿ ಹಾಕುತ್ತ ಬಂದವನು ಮೂರನೆಯದರ ಹತ್ತಿರ ನಿಂತುಬಿಟ್ಟ. ಮುಖವೆತ್ತಿದ. ಕಣ್ಣು ತಗ್ಗಿಸಬೇಕಾದವಳು ತಗ್ಗಿಸಲಿಲ್ಲ. ಮೊದಲು ಯಾರು ಮುಂದೆ ಬಾಗಿದರೆಂದು ಆಮೇಲೆ ಕೇಳಿದ್ದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅವನು ಜೇಬಿನಲ್ಲಿದ್ದ ಚಿಮುಟವನ್ನು ಸಂದಿಗೆ ತೂರಿಸಿ ಬಾಗಿಲು ತೆಗೆದ.

“ಇದು ಮೊದಲೇ ಹೊಳೀಲಿಲ್ವಾ?”

“ಹೊಳೀತು” ಎಂದ, ನೆಲ ನೋಡುತ್ತ.

ಮರುದಿನದಿಂದ ಅವಳು ಅವನಿದ್ದ ಕಡೆ ಸುಳಿಯಲಿಲ್ಲ.

ಅವರ ಲ್ಯಾಬು ಬೆನ್ನು ಹತ್ತಿದ್ದ ರೋಗಾಣು ಮೆದುಳಿನ ಪೊರೆಗೆ ಊತ ತಂದು ಒಂದೇ ದಿನದಲ್ಲಿ ಮಗುವನ್ನು ಕೊಂದುಬಿಡಬಲ್ಲದು. ತನ್ನ ಸಾಧು ದಾಯಾದಿಗಳಿಂದ ಜೀನ್ ಎರವಲು ತಂದು ಅಂಗಿ, ಎಂದರೆ ಮೈಮೇಲಿನ ಕವಚ, ಬದಲಿಸುವ ಚಾಳಿ ಅದಕ್ಕೆ. ಎಷ್ಟು ಬಗೆಯ ಅಂಗಿಗಳಿವೆ ಎಂದು ತಿಳಿಯದೆ ಲಸಿಕೆ ಮಾಡಿದರೆ ಗಾಳಿಗೆ ಗುದ್ದಿದಂತೆ. ಅದಕ್ಕೇ ಎರಡು ತಿಂಗಳಿಗೊಮ್ಮೆ ಊರ ಜನರೂ ಲ್ಯಾಬಿನವರೂ ಗಂಟಲ ದ್ರವ ಕೊಡುತ್ತಿದ್ದರು. ಕೊಳವೆಯ ಮೇಲೆ ನಂಬರು ಮಾತ್ರ. ತನ್ನ ನಂಬರು ಅವರವರಿಗೆ ಮಾತ್ರ ಗೊತ್ತು, ಪೂರ್ತಿ ಪಟ್ಟಿ ನರ್ಸಮ್ಮನ ಬೀರುವಿನಲ್ಲಿ ಭದ್ರ.

ಮುಂದಿನ ಸುತ್ತಿನ ಫಲಿತಾಂಶದ ದಿನ, ಮೀಟಿಂಗಿನ ಪರದೆಯ ಮೇಲೆ ಅವಳು ಬರೆದ ವಂಶವೃಕ್ಷ ಹರಡಿತ್ತು. ಒಂದು ಟೊಂಗೆಯ ತುದಿಯಲ್ಲಿ ಎರಡು ನಂಬರುಗಳು ಅಂಟಿಕೊಂಡು ಕೂತಿದ್ದವು. ಬೆಳಿಗ್ಗೆಯೇ ಅವಳು ನೋಡಿದ್ದಳು. ಅಳಿಸಲು ಕೈ ಬಂದಿರಲಿಲ್ಲ.

“ಹದಿನೇಳು, ಮೂವತ್ತೊಂದು” ಎಂದರು ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ. “ಒಂದಕ್ಷರ ವ್ಯತ್ಯಾಸ ಇಲ್ಲ. ಮಕ್ಕಳ ಗಂಟಲಲ್ಲಿರೋ ಸಾಧು ಜಾತಿ ಇದು, ದೊಡ್ಡವರಲ್ಲಿ ಅಪರೂಪ. ಹೋದ ಸಲ ಹದಿನೇಳರಲ್ಲಿ ಮಾತ್ರ ಇತ್ತು. ಒಂದು ತಟ್ಟೇದು ಇನ್ನೊಂದಕ್ಕೆ ಬಿದ್ದಿದೆ, ಅಷ್ಟೇ. ಅವತ್ತು ತಟ್ಟೆ ಹಾಕಿದ್ದು ಯಾರು?”

ಹದಿನೇಳು ತನ್ನದೆಂದು ಬಾಣಸಿಗ ಹಿಂದೆಯೇ ಅವಳಿಗೆ ಹೇಳಿ ನಕ್ಕಿದ್ದ: “ಅಕ್ಕನ ಮಗಳು ಅರ್ಧ ಕಚ್ಚಿದ ಬಿಸ್ಕತ್ತು ನನ್ನ ಬಾಯಿಗೆ ತುರುಕ್ತಾಳೆ, ಬರದೆ ಏನು ಮಾಡುತ್ತೆ!” ಮೂವತ್ತೊಂದು ಯಾರದೆಂದು ಅವಳು ಯಾರಿಗೂ ಹೇಳಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಅವಳ ಬೆರಳು ತಾನಾಗಿ ತುಟಿಗೆ ಹೋಯಿತು. ಅದನ್ನು ನೋಡಿದ್ದು ಅವನೊಬ್ಬನೇ.

“ನಾನೇ ಮೇಡಂ” ಎಂದ. “ಅವಸರದಲ್ಲಿ ಕೈ ತಪ್ಪಿರ್ಬೇಕು.”

“ಹಾಗಾದ್ರೆ ಅವತ್ತಿನ ಅರವತ್ತು ಸ್ಯಾಂಪಲ್ಲೂ ಕಸಕ್ಕೆ. ನಿಮ್ಮ ಕಾಂಟ್ರಾಕ್ಟು ಈ ತಿಂಗಳಿಗೆ ಮುಗಿಯುತ್ತೆ, ಅಲ್ವಾ? ಮುಂದುವರಿಸೋ ಮಾತು ಬೇಡ.”

ಕಾರಿಡಾರಿನಲ್ಲಿ ಅವಳು ಅವನನ್ನು ತಡೆದಳು. “ಯಾಕೆ ಸುಳ್ಳು ಹೇಳಿದ್ರಿ?”

“ಮಾತಾಡೋಕೆ ಎರಡು ತಿಂಗಳು ಬೇಕಾಯ್ತಾ ನಿಮಗೆ?”

“ಕೆಲಸ ಹೋಗುತ್ತೆ ನಿಮ್ದು!”

“ಬಾಣಸಿಗನಿಗೆ ಎಲ್ಲಾದ್ರೂ ಒಂದು ಒಲೆ ಸಿಗುತ್ತೆ ಬಿಡಿ. ನಿಮಗೆ ಇರೋದು ಅಣ್ಣನ ಮನೆ ಒಂದೇ.”

ಆ ಮಾತು ನಿಜವಾಗಿತ್ತು. ಅದಕ್ಕೇ ಸಿಟ್ಟು ಬಂತು.

ಆ ಸಂಜೆ ಅತ್ತಿಗೆ ಫೋನಿನಲ್ಲಿ ಮದುವೆ ಬಟ್ಟೆಗಳ ಚಿತ್ರ ತೋರಿಸಿದಳು. “ಯಾವುದು ಹೇಳೇ. ಬಾಯಲ್ಲೇನು ಅವಲಕ್ಕಿ ಇದೆಯಾ?”

“ಸುಮ್ನಿದ್ದಾಳೆ ಅಂದ್ರೆ ಒಪ್ಪಿದ್ದಾಳೆ ಅಂತ” ಎಂದ ಅಣ್ಣ, ಪತ್ರಿಕೆಯಿಂದ ತಲೆಯೆತ್ತದೆ. ಅಪ್ಪ ಅಮ್ಮ ಹೋದಾಗಿನಿಂದ ಅವಳ ಮೌನಕ್ಕೆ ಅರ್ಥ ಬರೆಯುವವನು ಅವನೇ. ಅವಳ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಬಾಯಲ್ಲಿ ಬಿಸಿತುಪ್ಪ ಹಿಡಿದವಳಂತೆ ಬೆಳಗಿನವರೆಗೂ ಆ ಗೋಡೆಯನ್ನೇ ನೋಡಿದಳು. ಡಾಕ್ಟರಮ್ಮನಿಗೆ ನಿಜ ಹೇಳಿದರೆ ಮನೆಗೆ ತಿಳಿಯಬಹುದು. ಹೇಳದಿದ್ದರೆ ಅವನು ಹೋಗುತ್ತಾನೆ, ತನ್ನದಲ್ಲದ ತಪ್ಪು ಹೊತ್ತು.

ಒಂಬತ್ತಕ್ಕೆ ಡಾಕ್ಟರಮ್ಮನ ಕೋಣೆಯಲ್ಲಿದ್ದಳು.

“ಮೇಡಂ, ಹದಿನೇಳು ಅವರದ್ದು. ಮೂವತ್ತೊಂದು ನಂದು. ಬೆರೆತಿದ್ದು ತಟ್ಟೆಯಲ್ಲಲ್ಲ.”

ಡಾಕ್ಟರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಎಲ್ಲಿ ಅಂತ ಕೇಳ್ಬೇಕಾ?”

“ಕೇಳ್ಬೇಡಿ. ಇನ್ನೊಂದು ಸಲ ಗಂಟಲು ನೋಡಿ. ಇಬ್ಬರದೂ. ನಿಮ್ಮ ಕೈಯಾರೆ.”

ಹತ್ತು ನಿಮಿಷದಲ್ಲಿ ಇಬ್ಬರೂ ಅಕ್ಕಪಕ್ಕದ ಸ್ಟೂಲುಗಳ ಮೇಲೆ ಬಾಯಿ ತೆರೆದು ಕೂತಿದ್ದರು. ಹತ್ತಿಯ ತುದಿ ಗಂಟಲ ಹಿಂಗೋಡೆಗೆ ತಾಗಿದಾಗ ಅವಳಿಗೆ ಓಕರಿಕೆ ಬಂತು, ಕಣ್ಣಲ್ಲಿ ನೀರೂ ಬಂತು. ಇಷ್ಟು ವಿಕಾರವಾಗಿ ಅವಳು ಯಾವ ಗಂಡಸಿನೆದುರೂ ಕೂತಿರಲಿಲ್ಲ. ಅವನು ಮಾತ್ರ, ತನ್ನ ಸರದಿ ಮರೆತು, ಓರೆಗಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದ.

“ಇವರೇನು ಹೇಳಿದ್ರು ಮೇಡಂ?”

“ನಿಮ್ಮ ಕೈ ತಪ್ಪಿಲ್ಲ ಅಂದ್ರು. ಬಾಯಿ ತೆಗೀರಿ.”

ಐದನೆಯ ದಿನ ಉತ್ತರ ಬಂತು. ಬೇರೆ ಬೇರೆ ಕೋಣೆಗಳಲ್ಲಿ ಬೆಳೆಸಿದ ಎರಡು ತಟ್ಟೆ, ಮತ್ತೆ ಅದೇ ಅಕ್ಷರಗಳು. ಡಾಕ್ಟರಮ್ಮ ದಾಖಲೆಯಲ್ಲಿ ‘ನಿಕಟ ಸಂಪರ್ಕ’ ಎಂದಷ್ಟೇ ಬರೆದರು. ಅರವತ್ತು ಸ್ಯಾಂಪಲ್ ಉಳಿದವು. ಕಾಂಟ್ರಾಕ್ಟಿಗೆ ಸಹಿ ಬಿತ್ತು.

ಮೆಟ್ಟಿಲ ತಿರುವಿನಲ್ಲಿ ಅವನು ಕಾದಿದ್ದ. “ನಾನೂ ಬರ್ತೀನಿ ಮನೆಗೆ. ನಿಮ್ಮ ಅಣ್ಣನ ಹತ್ರ ಮಾತಾಡ್ತೀನಿ.”

“ಬೇಡ. ನೀವು ಬಂದ್ರೆ ಅವನು ನಿಮ್ಮನ್ನ ಬೇಡ ಅಂತಾನೆ, ಗಲಾಟೆ ಅಲ್ಲಿಗೇ ತಿರುಗುತ್ತೆ. ಮೊದಲು ನಾನು ಬೇಡ ಅನ್ನೋದನ್ನ ಅವನು ಕೇಳಿಸ್ಕೊಳ್ಳಲಿ.”

“ಆಮೇಲೆ?”

“ಆಮೇಲೆ ಯಾರು ಬೇಕು ಅಂತ ಹೇಳ್ತೀನಿ.” ಎರಡು ಮೆಟ್ಟಿಲಿಳಿದು ತಿರುಗಿದಳು. “ಹಾಗೆ ನೋಡ್ಬೇಡಿ. ನೀವೇ. ಇನ್ಯಾರು?”

ಮನೆಯಲ್ಲಿ ಅವಳು ಚಪ್ಪಲಿಯನ್ನೂ ಬಿಡದೆ ಹೇಳಿದಳು. “ಅಣ್ಣ, ನನಗೆ ಈ ಮದುವೆ ಬೇಡ.”

ಅಣ್ಣನ ಕೈಯಿಂದ ಪತ್ರಿಕೆ ಜಾರಿತು. “ಏನು ನಡೀತು? ಯಾರಾದ್ರೂ ಏನಾದ್ರೂ ಮಾಡಿದ್ರಾ? ಹೇಳು!”

“ಹೇಳೇ” ಎಂದಳು ಅತ್ತಿಗೆ, ಬಾಗಿಲ ಚಿಲಕ ಹಾಕುತ್ತ. “ಹೇಳೋವರೆಗೂ ಎಲ್ಲಿಗೂ ಹೋಗೋ ಹಾಗಿಲ್ಲ.”

ಅವಳು ಚಪ್ಪಲಿ ಬಿಟ್ಟಳು. ಕುರ್ಚಿ ಎಳೆದು ಕೂತಳು. ಬೇಡವೆಂದದ್ದನ್ನು ನೂರು ಸಲ ಬೇಕಾದರೂ ಹೇಳಬಹುದು, ಬೇಕಾದವನ ಹೆಸರನ್ನೂ ನಾಳೆ ಹೇಳಬಹುದು. ಶೀತಲ ಕೋಣೆಯಲ್ಲಿ ಆ ರಾತ್ರಿ ಏನಾಯಿತೆಂಬುದು ಮಾತ್ರ ಇವರ ವಿಚಾರಣೆಗೆ ಸೇರಿದ್ದಲ್ಲ. ಅದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು.